ಅವಳು ಮಾಡಿ ಬಡಿಸಿದ ಪ್ಯಾಡ್ ಥಾಯ್

ನನ್ನ ಮಗಳು ಊಟ ಬಿಟ್ಟಿದ್ದಾಳೆಂದು ಮನೆಯಲ್ಲಿ ಮೊದಲು ಕಂಡುಹಿಡಿದವರು ನನ್ನ ಅತ್ತೆ, ನಾನಲ್ಲ. ನಾನು ನರ್ಸ್. ಕಮಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ತೂಕ ಕಡಿಮೆ ಇರುವ ಕೂಸುಗಳನ್ನು ತಕ್ಕಡಿಯಲ್ಲಿ ಮಲಗಿಸಿ, ಅವುಗಳ ತಾಯಂದಿರಿಗೆ ಏನು ಉಣಿಸಬೇಕು, ದಿನಕ್ಕೆ ಎಷ್ಟು ಸಲ ಉಣಿಸಬೇಕು ಎಂದು ತಿಳಿಸಿ ಹೇಳುವುದು ನನ್ನ ಕೆಲಸಗಳಲ್ಲೊಂದು. ಮಾತು ಕೇಳದ ತಾಯಂದಿರನ್ನು ಎಲ್ಲರೆದುರು ಗದರಿದ್ದೂ ಇದೆ. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಇದು ಎರಡು ವರ್ಷದ ಹಿಂದಿನ ಮಾತು. ಮಗಳಿಗೆ ಆಗ ಹದಿನೇಳು, ಪಿಯುಸಿ ಎರಡನೇ ವರ್ಷ. ಕಲಬುರಗಿಯಲ್ಲಿ ನಮ್ಮ ಮನೆಯಿಂದ ಶರಣಬಸವೇಶ್ವರ ಗುಡಿಗೆ ನಡೆದೇ ಹೋಗಬಹುದು. ಬೆಳಿಗ್ಗೆ ಎಂಟರ ಬಸ್ಸಿಗೆ ಕಮಲಾಪುರಕ್ಕೆ ಹೊರಟರೆ ನಾನು ಮರಳುವುದು ಸಂಜೆ. ನನ್ನ ಗಂಡ ದಾಲ್ ಮಿಲ್ಲೊಂದರಲ್ಲಿ ಸೂಪರ್‌ವೈಸರ್; ಹಂಗಾಮಿನಲ್ಲಿ ಅವರು ಮನೆಗೆ ಬರುವುದಕ್ಕೆ ಹೊತ್ತುಗೊತ್ತಿಲ್ಲ. ಹಗಲು ಮನೆಯಲ್ಲಿರುವವರು ಅತ್ತೆ ಒಬ್ಬರೇ. ಮಗಳ ಊಟದ ಡಬ್ಬಿ ದಿನವೂ ಖಾಲಿಯಾಗಿಯೇ ಬರುತ್ತಿತ್ತು. ಸಂಜೆ ಕರೆದರೆ ಗೆಳತಿಯ ಮನೆಯಲ್ಲಿ ತಿಂದು ಬಂದೆ ಎನ್ನುತ್ತಿದ್ದಳು. ಸಡಿಲ ಕುರ್ತಾ ಹಾಕಿಕೊಳ್ಳುತ್ತಿದ್ದಳು, ಅದರ ಮೇಲೊಂದು ಸ್ವೆಟರ್. ಪರೀಕ್ಷೆಯ ಚಿಂತೆಗೆ ಸೊರಗಿದ್ದಾಳೆ ಎಂದುಕೊಂಡು ನಾನು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಅತ್ತೆ ಅವಳ ಕೋಣೆಯಲ್ಲಿ ಇರುವೆಗಳ ಸಾಲು ಕಂಡರು. ಅದರ ಬೆನ್ನುಹತ್ತಿ ಹೋದರೆ ಕಪಾಟಿನ ಕೆಳಖಾನೆಯಲ್ಲಿ, ಹಳೆಯ ನೋಟ್‌ಬುಕ್ಕುಗಳ ಹಿಂದೆ, ಪೇಪರಿನಲ್ಲಿ ಸುತ್ತಿಟ್ಟ ಜೋಳದ ರೊಟ್ಟಿಗಳು. ಒಂದು ದಿನದ್ದಲ್ಲ. ಮೇಲಿನವು ಮೆತ್ತಗಿದ್ದವು, ಕೆಳಗಿನವು ಬೂಷ್ಟು ಹಿಡಿದು ಹಸಿರಾಗಿದ್ದವು. ನಾನು ಸಂಜೆ ಬಂದಾಗ ಅತ್ತೆ ಅವನ್ನು ಮೊರದಲ್ಲಿ ಹರಡಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಆ ರೊಟ್ಟಿಗಳನ್ನೆಲ್ಲ ಬಡಿದವರು ಅವರೇ. ಅವರು ಬೈಯಲಿಲ್ಲ. ಮೊರವನ್ನು ನನ್ನ ಕಡೆ ಸರಿಸಿದರು, ಅಷ್ಟೆ.

ಆಮೇಲಿನ ಮೂರು ತಿಂಗಳು ನಮ್ಮ ಮನೆಯಲ್ಲಿ ತಟ್ಟೆಯೊಂದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. ಗಂಡ ಕೂಗಾಡಿದರು, ಫೋನು ಕಸಿದುಕೊಂಡರು, ಮರುದಿನ ಮರಳಿ ಕೊಟ್ಟರು. ನಾನು ಟಾನಿಕ್ಕು ತಂದೆ, ರಕ್ತಪರೀಕ್ಷೆ ಮಾಡಿಸಿದೆ, ಅವಳಿಗೆ ಚಿಕ್ಕಂದಿನಲ್ಲಿ ಸೇರುತ್ತಿದ್ದ ಹೋಳಿಗೆ ಮಾಡಿದೆ. ತಟ್ಟೆಯ ಮುಂದೆ ಕೂರುತ್ತಿದ್ದಳು, ಚೂರು ಚೂರು ಮಾಡುತ್ತಿದ್ದಳು, ಆ ಚೂರುಗಳನ್ನು ತಟ್ಟೆಯ ತುಂಬ ಹರಡುತ್ತಿದ್ದಳು. ಇದಕ್ಕೆ ಕಾರಣ ಯಾರು ಎಂದು ಎಲ್ಲರೂ ಹುಡುಕಿದೆವು. ಗಂಡನ ಪ್ರಕಾರ ಫೋನು, ಅತ್ತೆಯ ಪ್ರಕಾರ ದೃಷ್ಟಿ. ನನ್ನ ಪ್ರಕಾರ ಎಂಟರ ಬಸ್ಸು ಹಿಡಿದು ಊರು ಬಿಡುವ ನಾನು.

ಅತ್ತೆ ಅವಳನ್ನು ಸೋಮವಾರ ಸೋಮವಾರ ಗುಡಿಗೆ ಕರೆದುಕೊಂಡು ಹೋದರು. ಮನೆಯ ಊಟ ಒಲ್ಲೆನೆಂದರೂ ಪ್ರಸಾದಕ್ಕೆ ಯಾರೂ ಒಲ್ಲೆ ಎನ್ನುವುದಿಲ್ಲ ಎಂಬುದು ಅವರ ಲೆಕ್ಕ. ಮೂರನೆಯ ಸೋಮವಾರ ಮನೆಗೆ ಬಂದವರೇ ಜಗಲಿಯ ಮೇಲೆ ಕುಸಿದು ಕೂತರು. ಮಗಳು ಪ್ರಸಾದವನ್ನು ಮುಷ್ಟಿಯಲ್ಲಿ ಹಿಡಿದು, ಓಣಿಯ ತಿರುವಿನಲ್ಲಿ ಆಕಳ ಮುಂದೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದರು. ಅವತ್ತಿನಿಂದ ಅವರೂ ಒಂದು ಹೊತ್ತು ಊಟ ಬಿಟ್ಟರು. ಮನೆಯಲ್ಲಿ ಈಗ ಇಬ್ಬರಿಗೆ ಉಣ್ಣು ಎಂದು ಬೇಡಬೇಕಾಯಿತು.

ಇಷ್ಟರಲ್ಲೂ ಮಗಳು ಒಂದು ಕೆಲಸವನ್ನು ಮನಸಾರೆ ಮಾಡುತ್ತಿದ್ದಳು. ಅಡುಗೆಯ ವಿಡಿಯೊ ನೋಡುವುದು. ಕಾಲೇಜಿನಿಂದ ಬಂದರೆ ಮಂಚದ ಮೇಲೆ ಮೊಣಕಾಲು ಮಡಚಿ ಕೂತು ನೋಡುತ್ತಲೇ ಇರುತ್ತಿದ್ದಳು. ಒಂದು ಸಂಜೆ ನಾನೂ ಹೋಗಿ ಪಕ್ಕದಲ್ಲಿ ಕೂತೆ. ರಸ್ತೆಬದಿಯ ಗಾಡಿಯಲ್ಲಿ ಹೆಂಗಸೊಬ್ಬಳು ದೊಡ್ಡ ಕಡಾಯಿಗೆ ನೂಡಲ್ಸ್ ಹಾಕಿ ಜೋರು ಉರಿಯಲ್ಲಿ ತಿರುವುತ್ತಿದ್ದಳು. ಅದೇನು ಎಂದು ಕೇಳಿದೆ. ಮಗಳು ಫೋನನ್ನು ನನ್ನ ಕಡೆ ತಿರುಗಿಸಿ ಹೇಳತೊಡಗಿದಳು. ಅದು ಥಾಯ್ಲೆಂಡಿನದು, ಪ್ಯಾಡ್ ಥಾಯ್ ಅಂತ ಹೆಸರು, ನೂಡಲ್ಸ್ ಅಕ್ಕಿಯದು, ಅದನ್ನು ಕುದಿಸುವುದಿಲ್ಲ ನೆನೆಸುತ್ತಾರೆ, ಹುಣಸೆಯ ರಸಕ್ಕೆ ಬೆಲ್ಲ ಹಾಕುತ್ತಾರೆ. ಎಷ್ಟೋ ವಾರಗಳಿಂದ ಅವಳು ನನ್ನೊಡನೆ ಒಟ್ಟಿಗೆ ಇಷ್ಟು ಮಾತಾಡಿರಲಿಲ್ಲ. ಕಣ್ಣು ಹೊಳೆಯುತ್ತಿದ್ದವು. ಮಾಡೋಣವೇ ಎಂದೆ. ಅವಳು ನನ್ನ ಮುಖ ನೋಡಿ, ಹೂಂ, ಭಾನುವಾರ ಮಾಡೋಣ ಎಂದಳು.

ಅಡುಗೆಮನೆಗೆ ಬಂದು ನಾನು ನಲ್ಲಿ ತಿರುಗಿಸಿ ಅದರ ಸದ್ದಿನಲ್ಲಿ ಅತ್ತುಬಿಟ್ಟೆ. ಅವಳು ತಿನ್ನುತ್ತಾಳೆ ಎಂದು ನನಗೆ ಅನುಮಾನವೇ ಇರಲಿಲ್ಲ. ತಿನ್ನುವ ಆಸೆ ಇಲ್ಲದವರು ಅಷ್ಟು ಹೊತ್ತು ಊಟ ನೋಡುತ್ತಾ ಕೂರುತ್ತಾರೆಯೇ?

ಆ ತಿನಿಸಿನ ರುಚಿ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಮಲಾಪುರದಲ್ಲಿ ನನ್ನ ಜೊತೆಗಿರುವ ಹಿರಿಯ ಸಿಸ್ಟರ್ ಆ ಊರಿನವರೇ, ಬೌದ್ಧ ಮನೆತನದವರು. ಹಿಂದೊಮ್ಮೆ ವಿಹಾರದ ಮಂದಿಯೊಂದಿಗೆ ಥಾಯ್ಲೆಂಡಿಗೆ ಯಾತ್ರೆ ಹೋಗಿ ಬಂದಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಕೇಳಿದ್ದಕ್ಕೆ ಅವರು ಸೂಜಿಮದ್ದಿನ ಲೆಕ್ಕ ಬರೆಯುವುದನ್ನು ನಿಲ್ಲಿಸಿ, ನೆನಪು ಮಾಡಿಕೊಂಡು ಹೇಳಿದರು.

“ಮೊದ್ಲ ಹುಳಿ ಹತ್ತತದ್ರಿ, ಹಿಂದಿಂದ ಸಿಹಿ. ಶೇಂಗಾ ಕುಟ್ಟಿ ಮ್ಯಾಲ ಉದುರಸ್ತಾರ. ಹುಣಸಿಹಣ್ಣು, ಬೆಲ್ಲ, ಶೇಂಗಾ ಎಲ್ಲಾ ನಮ್ಮನ್ಯಾಗ ಇದ್ದದ್ದೇ. ಆ ಚಪ್ಪಟಿ ನೂಡಲ್ಸ್ ಒಂದು ಹುಡುಕ್ರಿ.”

ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಎರಡು ಸಂಜೆ ನೂಡಲ್ಸಿಗಾಗಿ ಅಲೆದೆ. ಕಿರಾಣಿ ಅಂಗಡಿಯವರು ಅಕ್ಕಿ ಶ್ಯಾವಿಗೆ ತೋರಿಸಿದರು, ಅದು ಎಳೆ ಸಣ್ಣದು. ಕೊನೆಗೆ ಸೇಡಂ ರಸ್ತೆಯ ದೊಡ್ಡ ಅಂಗಡಿಯೊಂದರಲ್ಲಿ, ಕೆಳಗಿನ ಸಾಲಿನ ಮೂಲೆಯಲ್ಲಿ, ಧೂಳು ಹಿಡಿದ ಒಂದೇ ಒಂದು ಪೊಟ್ಟಣ ಸಿಕ್ಕಿತು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ, ಮುರಿಯಬಾರದೆಂದು.

ಮಗಳು ಪೊಟ್ಟಣವನ್ನು ತಿರುವಿ ತಿರುವಿ ನೋಡಿದಳು. ಮೀನಿನ ಸಾಸ್ ಬೇಡ, ಉಪ್ಪು ಮತ್ತು ಸೋಯಾ ಸಾಸ್ ಸಾಕು ಎಂದಳು. ಆದರೆ ತತ್ತಿ ಬೇಕೇ ಬೇಕು, ತತ್ತಿ ಇಲ್ಲದಿದ್ದರೆ ಅದು ಪ್ಯಾಡ್ ಥಾಯ್ ಅಲ್ಲವೇ ಅಲ್ಲ ಎಂದಳು. ನಮ್ಮ ಮನೆಯಲ್ಲಿ ತತ್ತಿ ಒಳಗೆ ಬಂದದ್ದೇ ಇಲ್ಲ. ಅತ್ತೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ದಿನಕ್ಕೆರಡು ಸಲ ಪೂಜೆ. ಪನೀರ್ ಹಾಕೋಣ ಎಂದೆ ನಾನು. ಅವಳ ಮುಖ ಇಳಿದುಹೋಯಿತು, ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋದಳು. ಅತ್ತೆ ಅಲ್ಲೇ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

ಮರುದಿನ ಸಂಜೆ ಅತ್ತೆ ಹೊರಗೆ ಹೋಗಿ ಬಂದರು. ಸೆರಗಿನ ಮರೆಯಿಂದ ಒಂದು ಪೇಪರಿನ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟರು. ಒಳಗೆ ನಾಲ್ಕು ತತ್ತಿ. ಎಪ್ಪತ್ತು ದಾಟಿದ ಹೆಂಗಸು, ಹುಟ್ಟಿದಾಗಿನಿಂದ ಮುಟ್ಟದಿದ್ದದ್ದನ್ನು ಓಣಿಯ ಮೂಲೆಯ ಅಂಗಡಿಯಲ್ಲಿ ತಾವೇ ನಿಂತು ಕೇಳಿ ತಂದಿದ್ದರು.

“ಹಾಕಿ ಮಾಡ್ರಿ,” ಎಂದರು. “ನನ್ನ ಪೂಜಿ ಸಾಮಾನೆಲ್ಲಾ ಹೊರಗಿನ ಖೋಲ್ಯಾಗ ಇಟ್ಕೊಂಡೀನಿ. ಕೂಸು ಉಂಡ್ರ ಸಾಕು.”

ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಮಗಳು ಕೂದಲು ಮೇಲೆ ಕಟ್ಟಿಕೊಂಡು ಅಡುಗೆಮನೆಗೆ ಬಂದಳು. ತಾನೇ ಮಾಡುವುದು, ನಾನು ಕೈಜೋಡಿಸುವುದು ಎಂದು ಮಾತಾಯಿತು. ಶೇಂಗಾ ಹುರಿದು, ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, ಕುಟ್ಟಾಣಿಯಲ್ಲಿ ತರಿ ತರಿಯಾಗಿ ಕುಟ್ಟಿದಳು. ಹುಣಸೆ ಕಿವುಚಿ ರಸ ತೆಗೆದು, ಬೆಲ್ಲ, ಸೋಯಾ ಸಾಸ್, ಚೂರು ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕುದಿಸಿದಳು. ಮನೆಯ ತುಂಬ ಹುಳಿಸಿಹಿಯ ವಾಸನೆ. ಆಗಾಗ ಚಮಚೆಯ ತುದಿಗೆ ತೆಗೆದು ನನ್ನ ಬಾಯಿಗೆ ಹಿಡಿಯುತ್ತಿದ್ದಳು. “ನೀ ನೋಡು ಮಮ್ಮಿ. ಹುಳಿ ಸಾಕೇನು?” ನಾನು ಸಾಕು ಎಂದರೆ ಇನ್ನೊಂದು ಚೂರು ಬೆಲ್ಲ ಹಾಕಿ ಮತ್ತೆ ಹಿಡಿಯುವಳು. ಐದಾರು ಸಲ ಆಯಿತು. ನನ್ನ ಅಭಿಪ್ರಾಯ ಕೇಳುತ್ತಿದ್ದಾಳಲ್ಲ ಎಂದು ನನಗೆ ಹಿಗ್ಗು.

ನೂಡಲ್ಸ್ ಕೆಡಿಸಿದ್ದು ನಾನು. ನೆನೆಸುವುದು ಎಂದರೆ ಬಿಸಿನೀರು ಎಂದುಕೊಂಡು, ಅವಳು ಆ ಕಡೆ ತಿರುಗಿದಾಗ ಅರ್ಧ ಪೊಟ್ಟಣದ ಮೇಲೆ ಕುದಿಯುವ ನೀರು ಹೊಯ್ದೆ. ಕಡಾಯಿಗೆ ಬಿದ್ದದ್ದೇ ಎಲ್ಲ ಅಂಟಿಕೊಂಡು ಗಂಜಿಯ ಮುದ್ದೆಯಾಯಿತು. ಇನ್ನು ಮುಗಿಯಿತು, ಎದ್ದು ಹೋಗುತ್ತಾಳೆ ಎಂದುಕೊಂಡೆ. ಆದರೆ ಅವಳು ನಕ್ಕಳು. ಉಳಿದರ್ಧವನ್ನು ತಣ್ಣೀರಿನಲ್ಲಿ ಹಾಕಿ, ಬಾಗುವಷ್ಟು ಮೆತ್ತಗಾಗುವ ತನಕ ಕಾಯಬೇಕು ಎಂದು ನನ್ನನ್ನೂ ಸ್ಟೂಲಿನ ಮೇಲೆ ಕೂರಿಸಿದಳು. ಅವಳ ಕೈ ನನ್ನ ತೋಳಿಗೆ ತಾಕಿತು, ಐಸಿನ ಹಾಗೆ ತಣ್ಣಗಿತ್ತು. ಒಲೆಯ ಮುಂದೆ ಅಷ್ಟು ಹೊತ್ತು ನಿಂತವಳ ಕೈ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಉಳ್ಳಾಗಡ್ಡಿ, ಪನೀರ್ ಹಾಕಿದಳು, ನೂಡಲ್ಸ್ ಹಾಕಿ ಮೇಲೆ ಹುಣಸೆಯ ಪಾಕ ಸುರಿದು ಎರಡು ಸೌಟಿನಿಂದ ಎತ್ತಿ ಎತ್ತಿ ಬಿಟ್ಟಳು. ಅಜ್ಜಿಗೆಂದು ಮೊದಲೇ ಒಂದು ತಟ್ಟೆ ಬೇರೆ ತೆಗೆದಿಟ್ಟಳು. ಉಳಿದದ್ದನ್ನು ಒಂದು ಬದಿಗೆ ಸರಿಸಿ, ಖಾಲಿ ಜಾಗದಲ್ಲಿ ತತ್ತಿ ಒಡೆದು, ಕಲಕಿ, ಎಲ್ಲ ಕೂಡಿಸಿದಳು. ಕೊನೆಗೆ ಮೊಳಕೆ ಹೆಸರು, ಉಳ್ಳಾಗಡ್ಡಿ ತಪ್ಪಲು. ಸ್ಟೀಲ್ ತಟ್ಟೆಗಳಲ್ಲಿ ಬಡಿಸಿ ಬದಿಗೆ ಶೇಂಗಾ ಪುಡಿಯ ಗುಡ್ಡೆ, ನಿಂಬೆಯ ಹೋಳು ಇಟ್ಟು ಫೋಟೊ ತೆಗೆದಳು.

ಗಂಡ ಮಿಲ್ಲಿನಿಂದ ಊಟದ ಹೊತ್ತಿಗೆ ಬಂದಿದ್ದರು. ಬೇರೆ ದಿನವಾಗಿದ್ದರೆ ಇಂಥದ್ದಕ್ಕೆ ಮೂಗು ಮುರಿಯುವವರು. ಒಂದು ತುತ್ತು ತಿಂದು, ಮಗಳ ಕಡೆ ನೋಡಿ, ಭಾಳ ಚಲೋ ಆಗ್ಯಾದವ್ವ ಎಂದರು. ಅವಳು ಅವರ ಹಿಂದೆ ನಿಂತು ಇನ್ನೊಂದಿಷ್ಟು ಶೇಂಗಾ ಹಾಕಲೇ, ನಿಂಬೆ ಹಿಂಡಲೇ ಎಂದು ಕೇಳುತ್ತಿದ್ದಳು. ಅತ್ತೆ ಅದನ್ನು ಶ್ಯಾವಿಗೆ ಎಂದೇ ಕರೆಯುತ್ತಾ, ಎಳೆ ಎಳೆಯಾಗಿ ಬಿಡಿಸಿ ತಿಂದರು. ಒಂದು ಹೊತ್ತಿನ ಉಪವಾಸ ಅವತ್ತು ಅವರು ಮುರಿದರು. ನಾನೂ ಹಸಿದವಳಂತೆ ತಿಂದೆ. ಹುಳಿ ಮೊದಲು, ಸಿಹಿ ಹಿಂದಿನಿಂದ, ಅಕ್ಕ ಹೇಳಿದ ಹಾಗೆಯೇ. ಅರ್ಧ ತಟ್ಟೆ ಮುಗಿದ ಮೇಲೆ ಕೇಳಿದೆ, ನಿನ್ನದೆಲ್ಲಿ ಎಂದು.

ಆಮೇಲೆ ತಿನ್ನುತ್ತೇನೆ ಎಂದಳು.

ಎದ್ದು ಹೋಗಿ ಕಡಾಯಿ ನೋಡಿದೆ. ಖಾಲಿ. ಅವಳು ಅಷ್ಟನ್ನೂ ಮೂರು ತಟ್ಟೆಗೆ ಹಂಚಿ ಮುಗಿಸಿದ್ದಳು. ನಾಲ್ಕನೆಯ ತಟ್ಟೆಯನ್ನು ತೆಗೆದೇ ಇರಲಿಲ್ಲ.

ನನ್ನ ತಟ್ಟೆಯನ್ನೇ ಅವಳ ಮುಂದೆ ಹಿಡಿದೆ. ಮಾಡ್ತಾ ಮಾಡ್ತಾ ತಿಂದೀನಿ, ವಾಸನೆಗೇ ಹೊಟ್ಟೆ ತುಂಬ್ಯಾದ ಎಂದಳು. ಆಗ ನನಗೆ ಒಂದೊಂದೇ ನೆನಪಾಗತೊಡಗಿತು. ಚಮಚೆ ಪ್ರತಿ ಸಲ ನನ್ನ ಬಾಯಿಗೆ ಬಂದಿತ್ತು. ಬೆರಳಿಗೆ ಪಾಕ ತಾಕಿದಾಗಲೆಲ್ಲ ನಲ್ಲಿಯಲ್ಲಿ ತೊಳೆದುಕೊಂಡಿದ್ದಳು. ಶೇಂಗಾ ಕುಟ್ಟುವಾಗ ಒಂದು ಕಾಳು ಕೂಡ ಬಾಯಿಗೆ ಹಾಕಿಕೊಂಡಿರಲಿಲ್ಲ. ಬೆಳಗಿನಿಂದ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

ಆಗ ನಾನು ಮಾಡಿದ್ದನ್ನು ಯಾವ ತಾಯಿಯೂ ಮಾಡಬಾರದು. ಅವಳ ಕಾಲಿಗೆ ಬಿದ್ದೆ. ಅಡುಗೆಮನೆಯ ನೆಲದ ಮೇಲೆ, ಅತ್ತೆ ಮತ್ತು ಗಂಡನ ಎದುರು, ಎರಡೂ ಪಾದ ಹಿಡಿದುಕೊಂಡು, ಒಂದೇ ಒಂದು ತುತ್ತು ತಿನ್ನು ಎಂದೆ. ಅವಳು ಬೇಡ ಮಮ್ಮಿ ಬೇಡ ಎಂದು ಹಿಂದಕ್ಕೆ ಸರಿದಳು, ಗೋಡೆಗೆ ಆತುಕೊಂಡಳು. ಆಮೇಲೆ ಬಗ್ಗಿ ನನ್ನ ತಟ್ಟೆಯಿಂದ ಒಂದಿಷ್ಟು ಎತ್ತಿ ಬಾಯಿಗೆ ತುರುಕಿಕೊಂಡಳು. ಬಾಯಿ ಮುಚ್ಚಿತ್ತು, ಗಂಟಲು ಅಲುಗುತ್ತಿರಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲವನ್ನೂ ಅಂಗೈಗೆ ಉಗುಳಿದಳು. ಗಂಡ ತಟ್ಟೆ ಬಿಟ್ಟು ಹೊರಗೆ ನಡೆದರು. ಅತ್ತೆ ಕಣ್ಣು ಮುಚ್ಚಿ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮಗಳು ನನ್ನ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತಳು.

“ನಂಗ ಹಸಿವಿ ಆಗ್ತದ ಮಮ್ಮಿ, ಭಾಳ ಆಗ್ತದ,” ಎಂದಳು. “ಖರೇ ಹೇಳ್ತೀನಿ, ನಾ ಹಟ ಮಾಡ್ಲಾಕತ್ತಿಲ್ಲ. ತಿನ್ನಲಾಕ ಅಂಜಿಕಿ ಬರ್ತದ. ನೀವೆಲ್ಲಾ ತಿಂದ್ರ ನಾನೂ ತಿಂದಂಗ ಅನಸ್ತದ.”

ಮೂರು ತಿಂಗಳಿನಿಂದ ನಾವು ಅವಳನ್ನು ಹಟಮಾರಿ ಎಂದೇ ಕರೆಯುತ್ತಿದ್ದೆವು. ನಾನು ಅವಳ ಕೈ ಹಿಡಿದುಕೊಂಡೆ. ಹಿಡಿದದ್ದು ಸಮಾಧಾನಕ್ಕೆ, ಆದರೆ ರೂಢಿಯಿಂದ ಬೆರಳು ನಾಡಿಯ ಮೇಲೆ ಹೋಯಿತು. ಗೋಡೆಯ ಗಡಿಯಾರ ನೋಡಿ ಎಣಿಸಿದೆ. ತಪ್ಪಿತೇನೋ ಎಂದು ಮತ್ತೊಮ್ಮೆ ಎಣಿಸಿದೆ. ಕೂತಿದ್ದ ಹದಿನೇಳರ ಹುಡುಗಿಯ ನಾಡಿ ಹಾಗೆ ತಡೆದು ತಡೆದು ಬಡಿಯಬಾರದು. ಗಂಡನನ್ನು ಕೂಗಿ ಆಟೊ ತರಲು ಹೇಳಿದೆ. ಎಂಜಲು ತಟ್ಟೆಗಳನ್ನು ಹಾಗೆಯೇ ಬಿಟ್ಟು ಸೇಡಂ ರಸ್ತೆಯ ಆಸ್ಪತ್ರೆಗೆ ಹೋದೆವು.

ಅವತ್ತೇ ದಾಖಲು ಮಾಡಿಕೊಂಡರು. ಮೊದಲು ಹೃದಯ ನೋಡಿದರು, ರಕ್ತದಲ್ಲಿನ ಲವಣ ನೋಡಿದರು. ಮಾರನೆಯ ದಿನ ಮನೋರೋಗದ ಡಾಕ್ಟರಮ್ಮ ಬಂದರು. ಅವರು ಮಗಳ ಜೊತೆ ಒಂದು ತಾಸು ಮಾತಾಡಿ, ಆಮೇಲೆ ನಮ್ಮನ್ನು ಕೂರಿಸಿಕೊಂಡು, ಇದು ಹಟವೂ ಅಲ್ಲ ದೃಷ್ಟಿಯೂ ಅಲ್ಲ, ಕಾಯಿಲೆ ಎಂದರು. ಹಸಿದ ಮಿದುಳಿಗೆ ಊಟದ್ದೇ ಧ್ಯಾನ. ಅದಕ್ಕೇ ಆ ವಿಡಿಯೊ, ಅದಕ್ಕೇ ಮನೆಯವರಿಗೆಲ್ಲ ಮಾಡಿ ಬಡಿಸುವ ಉಮೇದು. ಹಾಗೆ ಬಡಿಸಿ ತಾವು ಉಣ್ಣದಿರುವುದು ಈ ಕಾಯಿಲೆಯವರಲ್ಲಿ ಕಾಣುವಂಥದ್ದೇ ಎಂದರು. ನಾನು ನರ್ಸಿಂಗ್ ಓದುವಾಗ ಇದರ ಬಗ್ಗೆ ಅರ್ಧ ಪುಟ ಓದಿದ್ದೆ. ನಮ್ಮಂಥವರ ಮನೆಯಲ್ಲಿ, ರೊಟ್ಟಿ ಬಡಿಯುವ ಮನೆಯಲ್ಲಿ ಇದು ಬರುತ್ತದೆಂದು ಅಂದುಕೊಂಡಿರಲಿಲ್ಲ. ಗಂಡ ಎಷ್ಟು ದಿನಕ್ಕೆ ವಾಸಿಯಾಗುತ್ತದೆ ಎಂದು ಕೇಳಿದರು. ದಿನದ ಲೆಕ್ಕ ಅಲ್ಲರಿ, ವರ್ಷವೂ ಆಗಬಹುದು ಎಂದರು ಡಾಕ್ಟರು. ಉಣ್ಣು ಎಂದು ಬೇಡಿಕೊಳ್ಳಬೇಡಿ, ಬೈಯಬೇಡಿ, ಪಕ್ಕದಲ್ಲಿ ಕೂತು ಉಣಿಸಿ ಎಂದೂ ಹೇಳಿದರು.

ಕೂರುವುದು ಎಷ್ಟು ಕಷ್ಟವೆಂದು ಅಲ್ಲಿ ಗೊತ್ತಾಯಿತು. ಒಂದು ಬಟ್ಟಲು ಗಂಜಿಗೆ ಒಂದೂವರೆ ತಾಸು. ಅಷ್ಟು ಹೊತ್ತೂ ಅವಳು ಅಳುತ್ತಿದ್ದಳು, ತೆಗೆದುಕೊಂಡು ಹೋಗು ಎಂದು ಬೇಡುತ್ತಿದ್ದಳು. ಒಂದು ದಿನ ನೀ ನನ್ನ ತಾಯಿ ಅಲ್ಲ, ವೈರಿ ಎಂದಳು. ಗಂಜಿ ಮುಗಿದರೆ ನಾನು ಹೊರಗೆ ಹೋಗಿ, ನೀರಿನ ಫಿಲ್ಟರಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತು ಬರುತ್ತಿದ್ದೆ. ಎರಡನೆಯ ವಾರ ಒಂದು ಬೆಳಿಗ್ಗೆ ಅವಳು ಅರ್ಧ ಇಡ್ಲಿಯನ್ನು ದಿಂಬಿನ ಚೀಲದೊಳಗೆ ಸರಿಸಿದ್ದನ್ನು ಕಂಡೆ. ಕಂಡೂ ಕಿಟಕಿಯ ಕಡೆ ತಿರುಗಿದೆ. ಅವತ್ತು ನನ್ನಲ್ಲಿ ಮತ್ತೊಂದು ಜಗಳಕ್ಕೆ ಶಕ್ತಿ ಇರಲಿಲ್ಲ. ಸತ್ತರೆ ಸಾಯಲಿ ಎಂದು ಒಂದು ಕ್ಷಣ ನನ್ನ ಮನಸ್ಸಿಗೆ ಬಂತು. ಇದನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಅರ್ಧ ತಾಸಿನ ಮೇಲೆ ಎದ್ದು ಹೋಗಿ ಅಲ್ಲಿನ ಸಿಸ್ಟರಿಗೆ ತಿಳಿಸಿದೆ. ಮಗಳು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರು ವಾರದ ಮೇಲೆ ಮನೆಗೆ ಕಳಿಸಿದರು. ಆ ವರ್ಷದ ಪರೀಕ್ಷೆ ಹೋಯಿತು. ನನ್ನ ರಜೆಗಳೂ ಮುಗಿದವು. ಮಧ್ಯಾಹ್ನದ ಊಟಕ್ಕೆ ಅವಳನ್ನು ಒಬ್ಬಳೇ ಬಿಡುವಂತಿರಲಿಲ್ಲ, ಅತ್ತೆಯ ಮುಂದೆ ಅವಳು ಉಣ್ಣುತ್ತಿರಲಿಲ್ಲ. ಆಗ ಕಮಲಾಪುರದ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಇಲ್ಲಿಗೇ ಕರಕೊಂಡು ಬರ್ರಿ ಎಂದರು, ಅಷ್ಟೇ ಮಾತು. ಐದು ತಿಂಗಳು ಮಗಳು ನನ್ನ ಜೊತೆ ಎಂಟರ ಬಸ್ಸಿಗೆ ಕಮಲಾಪುರಕ್ಕೆ ಬಂದಳು. ನಾನು ವಾರ್ಡಿನಲ್ಲಿ ಸಿಕ್ಕಿಕೊಂಡ ದಿನ ಅಕ್ಕ ನರ್ಸುಗಳ ಕೋಣೆಯಲ್ಲಿ ತಮ್ಮ ಡಬ್ಬಿ ಬಿಚ್ಚಿಕೊಂಡು ಅವಳೆದುರು ಕೂರುತ್ತಿದ್ದರು. ತಿನ್ನು ಎನ್ನುತ್ತಿರಲಿಲ್ಲ. ಮನೆಯ ಹಿಂದಿನ ಗಿಡದ ಕೆಂಪು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು, ತಮ್ಮ ಪಾಡಿಗೆ ಉಣ್ಣುತ್ತಾ, ಬಸ್ಸು, ಬಿಸಿಲು, ಸೊಸೆಯ ಬಾಣಂತನ ಎಂದು ಏನೇನೋ ಮಾತಾಡುತ್ತಿದ್ದರಂತೆ. ಕೆಲವು ದಿನ ಡಬ್ಬಿ ಮುಗಿಯುತ್ತಿತ್ತು. ಕೆಲವು ದಿನ ಮುಚ್ಚಳ ಕೂಡ ತೆಗೆಯುತ್ತಿರಲಿಲ್ಲ, ಅವತ್ತು ಸಂಜೆಯ ಬಸ್ಸಿನಲ್ಲಿ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕಲಬುರಗಿಯವರೆಗೆ ಬರುತ್ತಿದ್ದೆ.

ಈಗ ಅವಳು ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದಾಳೆ. ಮೂರು ಹೊತ್ತು ಉಣ್ಣುತ್ತಾಳೆ, ಗಡಿಯಾರ ನೋಡಿಕೊಂಡು, ಔಷಧಿ ನುಂಗುವವರಂತೆ. ತಿಂಗಳಿಗೊಮ್ಮೆ ಡಾಕ್ಟರಮ್ಮನ ಬಳಿ ಹೋಗುತ್ತೇವೆ. ಪೂರ್ತಿ ವಾಸಿಯಾಯಿತೇ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಕಳೆದ ತಿಂಗಳು ಎರಡು ದಿನ ಮತ್ತೆ ಒಲ್ಲೆ ಎಂದಳು. ನಾನು ಡ್ಯೂಟಿಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತೆ, ಬೇಡಲಿಲ್ಲ, ಬೈಯಲಿಲ್ಲ. ಅನ್ನ ಸಾರು ಆರಿ ತಣ್ಣಗಾಯಿತು, ಬಿಸಿ ಮಾಡಿ ತಂದೆ, ಮತ್ತೆ ಆರಿತು. ಮೂರನೆಯ ಸಲ ಬಿಸಿ ಮಾಡಿ ತಂದಾಗ ಅವಳು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.